ಫಾರ್ವರ್ಡ್ ಮಾಡಿದ ಬಟ್ಟೆ: ಜವಳಿ ಬ್ಯಾಚ್ ಗ್ರೂಪ್

ವಸುಧಾ: (ಫಾರ್ವರ್ಡ್: ಟೋಗೊದ ಲೋಮೆ ಮಾರುಕಟ್ಟೆ, ಬಣ್ಣಬಣ್ಣದ ಥಾನುಗಳ ಫೋಟೊ) “ಸಾವಿರಾರು ವರ್ಷಗಳ ಅಪ್ಪಟ ಆಫ್ರಿಕನ್ ಪರಂಪರೆ! ಒಂದೊಂದು ಚಿತ್ತಾರಕ್ಕೂ ಒಂದೊಂದು ಅರ್ಥ.”

ಇಮ್ರಾನ್: ಸಾವಿರಾರು ವರ್ಷ ಎಲ್ಲಿಂದ ಬಂತು ಮಾರಾಯ್ತಿ? ಇದು ಡಚ್ ವ್ಯಾಕ್ಸ್, ಮೇಣದ ಥರ ರಾಳ ಒತ್ತಿ ಬಣ್ಣ ತಡೆದು ಚಿತ್ತಾರ ಮೂಡಿಸೋ ಹತ್ತಿ ಬಟ್ಟೆ. ಇಂಡೋನೇಷ್ಯಾದ ಜಾವಾದವರು ಕೈಯಲ್ಲಿ ಮೇಣ ಹಾಕಿ ಮಾಡೋ ಬಾಟಿಕ್ಕನ್ನು ಮಷೀನಲ್ಲಿ ಅಗ್ಗಕ್ಕೆ ಮಾಡಿ ಅವರಿಗೇ ಮಾರೋಣ ಅಂತ ಹೊರಟ ಮಾಲು. ಇದನ್ನು ಮಾಡೋ ವ್ಲಿಸ್ಕೊ ಕಂಪನಿ ಹಾಲೆಂಡಿನ ಹೆಲ್ಮಂಡ್‌ನಲ್ಲಿ ಶುರುವಾದದ್ದೇ 1846ರಲ್ಲಿ. ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಇದು ಬೇರು ಬಿಟ್ಟದ್ದು 1890ರ ದಶಕದಿಂದ.

ಮಂಜುನಾಥ: ಜಾವಾದಲ್ಲಿ ಯಾಕೆ ಓಡಲಿಲ್ಲ ಅನ್ನೋದನ್ನೂ ಹೇಳು. ತಾಮ್ರದ ರೋಲರ್‌ನಿಂದ ಬಟ್ಟೆಯ ಎರಡೂ ಮೈಗೆ ರಾಳ ಒತ್ತಿ ಇಂಡಿಗೋ ತೊಟ್ಟಿಗೆ ಇಳಿಸ್ತಾರೆ. ರಾಳ ಬಿರಿದಲ್ಲೆಲ್ಲ ನೀಲಿ ನುಗ್ಗಿ ನರದಂಥ ಗೆರೆ ಬೀಳುತ್ತೆ. ಜಾವಾದವರ ಕಣ್ಣಿಗೆ ಅದು ಕೆಟ್ಟ ಕೆಲಸ. ಗೋಲ್ಡ್ ಕೋಸ್ಟ್‌ನವರು, ಅಂದ್ರೆ ಈಗಿನ ಘಾನಾದವರು, ಅದನ್ನೇ ಮೆಚ್ಚಿ ಕೊಂಡರು. ಆಮೇಲೆ ಹಾಲೆಂಡಿನವರು ಅವರ ರುಚಿಗೆ ತಕ್ಕಂತೆ ಒತ್ತೋಕೆ ಶುರುಮಾಡಿದ್ದು.

ವಸುಧಾ: ಹಾಗಾದ್ರೆ ಎರಡನೇ ಸಾಲು ಸರಿ ತಾನೇ? ಲೋಮೆಯ ಸಗಟು ವ್ಯಾಪಾರದ ಹೆಂಗಸರು, ಓಡಾಡೋ ಕಾರಿನಿಂದ ‘ನಾನಾ ಬೆಂಜ್’ ಅನಿಸಿಕೊಂಡವರು, ಬರೀ ನಂಬರ್ ಹೊತ್ತು ಬಂದ ಡಿಸೈನಿಗೆ ಹೆಸರಿಡ್ತಿದ್ರು. ಪಂಜರದಿಂದ ಹಕ್ಕಿ ಹಾರೋ ಚಿತ್ತಾರದ ಹೆಸರು ‘ನೀ ಹೊರಟ್ರೆ ನಾನೂ ಹೊರಟೆ’. ಗಂಡನಿಗೆ ಬಾಯಲ್ಲಿ ಹೇಳೋದೇ ಬೇಡ, ಉಟ್ಟರೆ ಸಾಕು.

ಇಮ್ರಾನ್: ಹೆಸರು ಅವರದ್ದು, ದುಡ್ಡು ಯಾರದ್ದು? 1994ರ ಜನವರಿಯಲ್ಲಿ ಟೋಗೊದ ಹಣ ಸಿಎಫ್‌ಎ ಫ್ರಾಂಕ್‌ನ ಬೆಲೆ ಅರ್ಧಕ್ಕೆ ಇಳೀತು. ಒಂದು ಫ್ರೆಂಚ್ ಫ್ರಾಂಕಿಗೆ 50 ಇದ್ದದ್ದು 100. ಡಚ್ ಮಾಲಿನ ಬೆಲೆ ರಾತ್ರೋರಾತ್ರಿ ದುಪ್ಪಟ್ಟು. ಮುಂದೆ ಚೀನಾದ ನಕಲು ಬಂದು ಆ ಹೆಂಗಸರ ವ್ಯಾಪಾರವನ್ನೇ ನುಂಗಿತು.

ಸುಮಾ: ಫೋಟೊ ಝೂಮ್ ಮಾಡ್ರೋ. ಆ ಹಳದಿ ಪೀಸೇ ನಕಲು! ನರಗೆರೆ ಪ್ರತಿ ರಿಪೀಟ್‌ನಲ್ಲೂ ಅದೇ ಜಾಗದಲ್ಲಿ ಬಿದ್ದಿದೆ. ರಾಳ ಒಡೆದು ಬಂದ ಬಿರುಕು ಎರಡು ಕಡೆ ಒಂದೇ ಥರ ಇರೋಕೆ ಸಾಧ್ಯವೇ ಇಲ್ಲ. ಮಡಿಚಿದ ತುದೀಲಿ ಹಿಂಬದಿ ಪೇಲವ, ಅಂದ್ರೆ ಒಂದೇ ಮೈಗೆ ಪ್ರಿಂಟ್. ಅಂಚಿನ ಮೇಲಿನ ಬರಹ ನೋಡಿ ಮೋಸ ಹೋಗಬೇಡಿ, ಅದನ್ನೂ ಒತ್ತುತ್ತಾರೆ.

ಇಮ್ರಾನ್: ಅದಕ್ಕೇ ಹೇಳೋದು, ಅಪ್ಪಟ ಬೇಕಾದ್ರೆ ಘಾನಾದ ಕೈಮಗ್ಗದ ಬಟ್ಟೆ ಕೆಂಟೆ ಹಾಕು ಅಂತ. ಸುಮಾರು ನಾಲ್ಕಿಂಚು ಅಗಲದ ಪಟ್ಟಿ ನೇಯ್ದು, ಅಕ್ಕಪಕ್ಕ ಜೋಡಿಸಿ ಹೊಲೀತಾರೆ. ಮಗ್ಗವೂ ಅಲ್ಲಿನದೇ.

ಸುಮಾ: ಕೆಂಟೆಯ ರೇಷ್ಮೆ ಎಲ್ಲಿಂದ ಬಂತು? 18ನೇ ಶತಮಾನದಲ್ಲಿ ಅಲ್ಲಿನ ಅಸಾಂಟೆ ರಾಜ್ಯದ ಅರಸರು ಯುರೋಪಿನ ವ್ಯಾಪಾರಿಗಳಿಂದ ರೇಷ್ಮೆ ಬಟ್ಟೆ ಕೊಂಡು, ಎಳೆಎಳೆಯಾಗಿ ಬಿಚ್ಚಿಸಿ ಆ ನೂಲಲ್ಲೇ ನೇಯಿಸಿದ್ದು. ವ್ಯಾಕ್ಸ್‌ನಲ್ಲಿ ಕೈಕೆಲಸವೂ ಹೊರಗಿನದು, ಅಷ್ಟು ವ್ಯತ್ಯಾಸ ಒಪ್ತೀನಿ.

ಮಂಜುನಾಥ: ಪೂರ್ತಿ ಹೊರಗಿನದಲ್ಲ ಕಣೇ. ಸ್ವಾತಂತ್ರ್ಯ ಬಂದ ಮೇಲೆ ಘಾನಾದ ಟೆಮಾದಲ್ಲೇ ವ್ಯಾಕ್ಸ್ ಮಿಲ್ಲು ನಿಂತಿತು.

ಇಮ್ರಾನ್: ಅದರಲ್ಲೂ ಡಚ್ಚರ ಕೈ ಇದೆ.

ವಸುಧಾ: ಸರಿಯಪ್ಪ, ‘ಸಾವಿರಾರು ವರ್ಷ’ ತೆಗೆದು ಮತ್ತೆ ಹಾಕ್ತೀನಿ. ‘ಅಪ್ಪಟ’ ಇರಲಿ.

ಇಮ್ರಾನ್: ಅದನ್ನೇ ಮೊದಲು ತೆಗಿ.

ಸುಮಾ: ಆ ಹಳದಿ ಪೀಸನ್ನೂ ಕ್ರಾಪ್ ಮಾಡೇ.