ಎಂಲಾಕ್‌ಆಲ್ ಸರಿಯಾಗೇ ಆಗತ್ತೆ, ಆಮೇಲೆ ಥ್ರೆಡ್ಡೇ ಹುಟ್ಟಲ್ಲ (ಸುಡೋ ಹಾಕಿ ಅಡ್ಮಿನ್ ಆಗಿ ಓಡಿಸಿದ್ರೆ ಓಡತ್ತೆ!)

ತಂಬೂರಿ_ತಂತಿ:
ಮೃದಂಗ ರೆಕಾರ್ಡ್ ಮಾಡೋಕೆ ಲಿನಕ್ಸ್‌ನಲ್ಲಿ ಒಂದ್ ಪುಟ್ಟ ಸಿ ಪ್ರೋಗ್ರಾಂ ಬರ್ಕೊಂಡಿದೀನಿ, ಬ್ರೌಸರ್ ತೆಗೆದಿದ್ರೆ ಪೇಜ್‌ಗಳು (ಮೆಮೊರಿ ತುಂಡುಗಳು) ಸ್ವಾಪ್‌ಗೆ, ಅಂದ್ರೆ ಡಿಸ್ಕ್‌ಗೆ ಹೋಗಿ ಮಧ್ಯಮಧ್ಯ ಟಕ್ ಟಕ್ ಅಂತ ಕಟ್ ಆಗ್ತಿತ್ತು, ಅದಕ್ಕೆ ಶುರುವಲ್ಲೇ ಪೇಜ್‌ಗಳನ್ನ ರ್ಯಾಮಲ್ಲೇ ಹಿಡಿದಿಡೋ ಎಂಲಾಕ್‌ಆಲ್ ಹಾಕ್ದೆ, ಕರೆಂಟ್, ಫ್ಯೂಚರ್ ಎರಡೂ ಫ್ಲ್ಯಾಗ್ ಕೊಟ್ಟು. ಅದು ಸೊನ್ನೆ ಕೊಡತ್ತೆ, ಎರರ್ ಇಲ್ಲ. ಮುಂದಿನ ಸಾಲಲ್ಲಿ ಥ್ರೆಡ್ (ಪ್ರೋಗ್ರಾಂ ಒಳಗೇ ಜೊತೆಗೆ ಓಡೋ ಇನ್ನೊಂದು ಎಳೆ) ಹುಟ್ಟಿಸೋ ಪಿಥ್ರೆಡ್ ಕ್ರಿಯೇಟ್ ಮಾತ್ರ ಇಎಗೇನ್ ಅನ್ನೋ ಎರರ್ ಕೊಟ್ಟು ಕೈ ಎತ್ತತ್ತೆ. ಎಲ್ಲಾ ಮುಚ್ಚಿ 5 ಜಿಬಿ ಖಾಲಿ ಇದ್ರೂ ಅಷ್ಟೇ. ತಲೆ ಕೆಟ್ಟೋಗಿದೆ.

ಕೆರ್ನಲ್_ಕಾಕಾ:
ಯುಲಿಮಿಟ್ ಮೈನಸ್ ಎಲ್ ಹೊಡದು ಏನ್ ಬರತೈತಿ ಹೇಳ್ರಿ.

ತಂಬೂರಿ_ತಂತಿ:
8192

ಕೆರ್ನಲ್_ಕಾಕಾ:
ಸಿಕ್ತಲ್ರಿ ಮತ್ತ! ಅದು ಕೆಬಿ ಲೆಕ್ಕ, ಅಂದ್ರ 8 ಎಂಬಿಗಿಂತ ಹೆಚ್ಚು ಲಾಕ್ ಮಾಡಾಕ ನಿಮಗ ಪರ್ಮಿಶನ್ ಇಲ್ಲ, ರ್ಯಾಮ್ ಎಷ್ಟ ಖಾಲಿ ಇರ್ಲಿ. ಒಂದ್ ಥ್ರೆಡ್ಡಿನ ಸ್ಟ್ಯಾಕ್ (ಅದರ ಕೆಲಸದ ಮೆಮೊರಿ) ಸಾಮಾನ್ಯವಾಗಿ 8 ಎಂಬಿನೇ ಇರತೈತಿ. ಲಾಕ್ ಇಲ್ದಾಗ ಅದು ಬರೇ ವಿಳಾಸ, ಮುಟ್ಟಿದ ಪೇಜಿಗಷ್ಟ 4 ಕೆಬಿ 4 ಕೆಬಿ ರ್ಯಾಮ್ ಸಿಗತೈತಿ, ಆದ್ರ ನೀವು ಫ್ಯೂಚರ್ ಅಂದೀರಿ, ಇನ್ ಮುಂದ ಬರೋ ಮೆಮೊರಿ ಮ್ಯಾಪಿಂಗ್ ಎಲ್ಲಾ ಹುಟ್ಟತಲೇ ಲಾಕ್, ಹಂಗಾಗಿ ಪೂರಾ 8 ಎಂಬಿ ಲೆಕ್ಕಕ್ಕ ಬೀಳತೈತಿ. ಪ್ರೋಗ್ರಾಂ ಮೊದಲೇ ಒಂದಿಷ್ಟು ತಿಂದೈತಿ, ಇನ್ನ ಜಾಗ ಎಲ್ಲಿಂದ ಬರಬೇಕು? ಸುಡೋಗೆ ಈ ಮಿತಿ ಇಲ್ಲ. ಕೆರ್ನಲ್ 5.16ಕ್ಕಿಂತ ಮೊದಲ ಈ ಮಿತಿ ಡೀಫಾಲ್ಟ್ ಆಗಿ 64 ಕೆಬಿ ಇತ್ತು, ಆಗಾಗಿದ್ರ ಎಂಲಾಕ್‌ಆಲೇ ಫೇಲ್ ಆಗಿ ತಪ್ಪು ಅಲ್ಲೇ ಗೊತ್ತಾಗ್ತಿತ್ತು.
ಥ್ರೆಡ್ ಆಟ್ರಿಬ್ಯೂಟ್‌ನ್ಯಾಗ ಸ್ಟ್ಯಾಕ್ ಸೈಜ್ 256 ಕೆಬಿ ಮಾಡಿ ನೋಡ್ರಿ.

ಹಳೇ_ಮದರ್‌ಬೋರ್ಡ್:
ಅಷ್ಟೆಲ್ಲಾ ಯಾಕೆ ಗುರು, ಲಿಮಿಟ್ಸ್ ಫೈಲಲ್ಲಿ ಆಡಿಯೋ ಗ್ರೂಪ್‌ಗೆ ಮೆಮ್‌ಲಾಕ್ (ಇದೇ ಲಾಕ್ ಮಿತಿ) ಅನ್‌ಲಿಮಿಟೆಡ್ ಅಂತ ಹಾಕು, ಮುಗೀತು.

ಕೆರ್ನಲ್_ಕಾಕಾ:
ಹಾಕಬಹುದು, ನನಗ ಸೇರಂಗಿಲ್ಲ. ಪ್ರೋಗ್ರಾಂ ಎಲ್ಲೋ ಲೀಕ್ ಆಯ್ತು ಅನ್ಕೋ, ಲಾಕ್ ಆದ ಪೇಜ್ ಸ್ವಾಪ್‌ಗೂ ಹೋಗಂಗಿಲ್ಲ, ಇಡೀ ಸಿಸ್ಟಮ್ ಉಸಿರು ಕಟ್ಟತೈತಿ. ಹಾಕೋದಾದ್ರ ಒಂದ್ ನಂಬರ್ ಹಾಕ್ರಿ.

ತಂಬೂರಿ_ತಂತಿ:
ಅದನ್ನೂ ಮಾಡಿ ನೋಡ್ದೆ, 65536 ಹಾಕಿ ಹೊಸ ಟರ್ಮಿನಲ್ ತೆಗೆದ್ರೂ 8192 ಅಂತಾನೇ ತೋರಿಸ್ತಿದೆ?

ಹಳೇ_ಮದರ್‌ಬೋರ್ಡ್:
ಲಾಗಿನ್ ಆಗೋವಾಗ ಓದೋ ಫೈಲ್ ಅದು. ಪೂರ್ತಿ ಲಾಗ್‌ಔಟ್ ಆಗಿ ಬಾ. ಸಿಸ್ಟಮ್‌ಡಿ ಸರ್ವಿಸ್ ಆಗಿ, ಅಂದ್ರೆ ಹಿನ್ನೆಲೆಯಲ್ಲಿ ಸಿಸ್ಟಮ್ಮೇ ಶುರು ಮಾಡೋ ಹಾಗೆ ಓಡಿಸ್ತೀಯಾ ಅಂದ್ರೆ ಆ ಫೈಲ್ ಲೆಕ್ಕಕ್ಕೇ ಬರಲ್ಲ, ಸರ್ವಿಸ್ ಫೈಲಲ್ಲೇ ಲಿಮಿಟ್‌ಮೆಮ್‌ಲಾಕ್ ಬರೀಬೇಕು.

ತಂಬೂರಿ_ತಂತಿ:
ಲಿಮಿಟ್ಸ್ ಫೈಲ್ ಮೊದಲಿದ್ದ ಹಾಗೇ ಮಾಡ್ಬಿಟ್ಟೆ, ಕಾಕಾ ಹೇಳ್ದಂಗೆ 256 ಕೆಬಿ ಸ್ಟ್ಯಾಕ್ ಕೊಟ್ಟೆ, ಸುಡೋ ಇಲ್ದೇ ಓಡ್ತು! ಪ್ರಾಕ್‌ನ ಸ್ಟೇಟಸ್‌ನಲ್ಲಿ ವಿಎಂಲಾಕ್ (ಲಾಕ್ ಆಗಿರೋ ಮೆಮೊರಿ) 4 ಎಂಬಿ ಚಿಲ್ಲರೆ ತೋರಿಸ್ತಿದೆ. ಬ್ರೌಸರ್ ತೆಗೆದು ಒಂದ್ ತಾಸು ಬಾರಿಸ್ದೆ, ಒಂದೇ ಒಂದು ಟಕ್ ಬಂತು. ನೋಡಿದ್ರೆ ರೆಕಾರ್ಡ್ ಮಾಡೋ ಥ್ರೆಡ್ಡಲ್ಲೇ ಫೈಲ್‌ಗೆ ಬರೀತಿದ್ದೆ 🤦 ಅದಕ್ಕೆ ಬೇರೆ ಪೋಸ್ಟ್ ಹಾಕ್ತೀನಿ.