ಟೊಯೋಟಾ ಎಇ86: ಉಳಿದ ಕೊರೊಲ್ಲಾಗಳು ಫ್ರಂಟ್ ವೀಲ್ ಡ್ರೈವ್ ಆದಮೇಲೂ ಇದೊಂದು ಯಾಕೆ ಹಾಗೇ ಉಳಿಯಿತು? ಎಇ85ನಿಂದ ಗುರುತಿಸೋದು ಹೇಗೆ?

ಹಳೇಗೇರು ಕೇಳಿದ್ದು:

1983ರ ಮೇ ತಿಂಗಳಲ್ಲಿ ಐದನೇ ತಲೆಮಾರಿನ ಕೊರೊಲ್ಲಾ (ಇ80) ಬಂದಾಗ ಸೆಡಾನ್‌ಗಳು ಫ್ರಂಟ್ ವೀಲ್ ಡ್ರೈವ್‌ಗೆ ಹೋದವು. ಅದೇ ಹೊತ್ತಿಗೆ ಬಂದ ಲೆವಿನ್ ಮತ್ತು ಟ್ರುಯೆನೊ ಕೂಪೆಗಳು (ದೊಡ್ಡ ಎಂಜಿನ್ನಿನವು ಎಇ86, ಸಣ್ಣ ಎಂಜಿನ್ನಿನವು ಎಇ85) ಮಾತ್ರ ರಿಯರ್ ವೀಲ್ ಡ್ರೈವ್‌ನಲ್ಲೇ ಉಳಿದವು. ಡ್ರಿಫ್ಟ್ ಮಾಡುವವರಿಗೆಂದೇ ಟೊಯೋಟಾ ಹೀಗೆ ಮಾಡಿತು ಅಂತ ಎಲ್ಲೆಡೆ ಬರೆದಿರುತ್ತಾರೆ, ನಂಬಲು ಕಷ್ಟ. ನಿಜವಾದ ಕಾರಣ ಏನು? ಇನ್ನೊಂದು, ಎಇ85ಗೆ ಎಂಜಿನ್ ಬದಲಿಸಿ ಎಇ86 ಅಂತ ಮಾರುವುದು ಬಹಳ ಇದೆಯಂತೆ. ಕಾರಿನ ಮುಂದೆ ನಿಂತಾಗ ಏನೇನು ನೋಡಬೇಕು?

---

ಕ್ಯಾಮ್‌ಶಾಫ್ಟ್_ಕಾಕಾ ಉತ್ತರ:

ಡ್ರಿಫ್ಟ್ ಕಥೆ ಆಮೇಲೆ ಅಂಟಿಕೊಂಡದ್ದು. ಕಾರಣ ಲೆಕ್ಕಾಚಾರದ್ದು. ಇ80ರ ಫ್ರಂಟ್ ವೀಲ್ ಡ್ರೈವ್ ತಳಪಾಯ ಆಗಿನ್ನೂ ಹೊಸದು, ಕೂಪೆಗಳು ಮಾರಾಟವಾಗುವ ಸಂಖ್ಯೆಯೂ ಕಡಿಮೆ. ಹಾಗಾಗಿ 1979ರ ಇ70 ಕೊರೊಲ್ಲಾದ ತಳಪಾಯವನ್ನೇ ಮುಂದುವರಿಸಿ, ಮೇಲೆ ಹೊಸ ಬಾಡಿ ಕೂರಿಸಿದರು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ನಾಲ್ಕು ಲಿಂಕ್ ಮತ್ತು ಒಂದು ಲ್ಯಾಟರಲ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಅಡ್ಡ ಸರಳು) ಇರುವ ಗಟ್ಟಿ ಆಕ್ಸಲ್. ವೀಲ್‌ಬೇಸ್ ಕೂಡ ಇ70ರದ್ದೇ, 2400 ಮಿಮೀ.

ಹೊಸದು ಅಂದರೆ ಎಂಜಿನ್. ಹಿಂದಿನ ತಲೆಮಾರಿನ ಟಿಇ71ರಲ್ಲಿದ್ದ 2ಟಿ-ಜಿಇಯು ಎಂಜಿನ್ 1588 ಸಿಸಿ, ಸಿಲಿಂಡರಿಗೆ ಎರಡೇ ವಾಲ್ವ್, 115 ಪಿಎಸ್ (ಅಶ್ವಶಕ್ತಿ). ಅದರ ಜಾಗಕ್ಕೆ ಬಂದ 4ಎ-ಜಿಇ 1587 ಸಿಸಿ (ಬೋರ್ 81, ಸ್ಟ್ರೋಕ್ 77 ಮಿಮೀ), 16 ವಾಲ್ವ್, 6600 ಆರ್‌ಪಿಎಂನಲ್ಲಿ 130 ಪಿಎಸ್. ಇದು ಆ ಕಾಲದ ಗ್ರಾಸ್ ಅಂಕಿ, ಅಂದರೆ ಎಂಜಿನ್ ಒಂದನ್ನೇ ಹೊರಗಿಟ್ಟು ಅಳೆದದ್ದು. ಇವತ್ತಿನ ನೆಟ್ ಅಂಕಿಯ ಪಕ್ಕ ಇಟ್ಟು ಹೋಲಿಸಬೇಡಿ. ಹೆಡ್ ಕೆಲಸದಲ್ಲಿ ಯಮಾಹಾದ ಕೈ ಇದೆ. ಹಳೇ ತಳಪಾಯ, ಸುಮಾರು 940 ಕೆಜಿ ತೂಕ, ಅದರ ಮೇಲೆ ಗಿರ್ರನೆ ಏರುವ ಈ ಎಂಜಿನ್: ಕಾರಿನ ಗುಣವೂ ದೋಷವೂ ಹುಟ್ಟುವುದು ಇಲ್ಲಿಂದಲೇ.

ಲೆವಿನ್, ಟ್ರುಯೆನೊ ಎರಡು ಹೆಸರು ಯಾಕೆ ಅಂದರೆ ಜಪಾನಿನಲ್ಲಿ ಟೊಯೋಟಾದ ಮಾರಾಟ ಜಾಲಗಳು ಬೇರೆ ಬೇರೆ ಇದ್ದವು. ಲೆವಿನ್ ಕೊರೊಲ್ಲಾ ಬಳಗ, ಟ್ರುಯೆನೊ ಸ್ಪ್ರಿಂಟರ್ ಬಳಗ. ಲೆವಿನ್‌ಗೆ ಸ್ಥಿರ ಹೆಡ್‌ಲೈಟ್, ಟ್ರುಯೆನೊಗೆ ಎದ್ದು ಬರುವ ಹೆಡ್‌ಲೈಟ್. ತಳಪಾಯ, ಎಂಜಿನ್ ಎರಡರಲ್ಲೂ ಒಂದೇ.

ಇದೇ ಎಂಜಿನ್ 1984ರಲ್ಲಿ ಅಡ್ಡ ಕೂತು ಎಂಆರ್2ಗೂ ಕೊರೊಲ್ಲಾ ಎಫ್‌ಎಕ್ಸ್‌ಗೂ ಹೋಯಿತು. 1987ರ ಮೇನಲ್ಲಿ ಮುಂದಿನ ತಲೆಮಾರಿನ ಎಇ92 ಬಂದಾಗ ಲೆವಿನ್, ಟ್ರುಯೆನೊ ಕೂಡ ಫ್ರಂಟ್ ವೀಲ್ ಡ್ರೈವ್ ಆದವು. ರೇಸಿನಲ್ಲಂತೂ ಎಇ86 ಹಿಂದೆ ಬೀಳಲಿಲ್ಲ: ಸಣ್ಣ ವರ್ಗದಲ್ಲಿ ಓಡುತ್ತಲೇ ಕ್ರಿಸ್ ಹಾಜೆಟ್ಸ್ 1986, 1987 ಎರಡೂ ವರ್ಷ ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ ಗೆದ್ದರು.

---

ಪ್ಲೇಟ್‌ನಂಬರ್ ಉತ್ತರ:

ಗುರುತಿಸುವ ವಿಷಯಕ್ಕೆ ಬರೋಣ. ಎಇ85ರಲ್ಲಿ ಬರುತ್ತಿದ್ದದ್ದು 3ಎ-ಯು, 1452 ಸಿಸಿ, ಒಂದೇ ಕ್ಯಾಮ್, ಕಾರ್ಬ್ಯುರೇಟರ್. ಎರಡೂ ಎ ಬಳಗದ ಎಂಜಿನ್‌ಗಳಾದ್ದರಿಂದ 4ಎ-ಜಿಇ ಕೂರಿಸುವುದು ದೊಡ್ಡ ಕೆಲಸವೇ ಅಲ್ಲ. ಆದ್ದರಿಂದ ಬಾನೆಟ್ ಎತ್ತಿ ಎರಡು ಕ್ಯಾಮ್ ಕವರ್ ಕಂಡಿತು ಅಂತ ಏನನ್ನೂ ತೀರ್ಮಾನಿಸಬೇಡಿ.

ಜಪಾನಿನ ಕಾರಾದರೆ ಮೊದಲು ಎಂಜಿನ್ ಹಿಂದಿನ ಫೈರ್‌ವಾಲ್ ಮೇಲೆ ಕೊರೆದ ಚಾಸಿ ನಂಬರ್ ನೋಡಿ. ಅದು ಎಇ86 ಅಂತಲೇ ಶುರುವಾಗಬೇಕು, ಕಾಗದಕ್ಕೂ ಹೊಂದಬೇಕು. ಸುತ್ತ ವೆಲ್ಡ್ ಗೆರೆ, ಬೇರೆ ಛಾಯೆಯ ಪೇಂಟ್, ಅಕ್ಷರಗಳ ಆಳದಲ್ಲಿ ವ್ಯತ್ಯಾಸ ಇದ್ದರೆ ಅಲ್ಲಿಗೇ ನಿಲ್ಲಿಸಿ. ರಿವೆಟ್ ಹೊಡೆದ ಪ್ಲೇಟ್ ಮಾತ್ರ ನೋಡಿದರೆ ಸಾಲದು, ಅದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು.

ಆಮೇಲೆ ಹಿಂದಿನ ಚಕ್ರ. 4ಎ-ಜಿಇ ಇರುವ ಎಇ86ಗೆ ಹಿಂದೆ ಡಿಸ್ಕ್ ಬ್ರೇಕ್, ಎಇ85ಗೆ ಡ್ರಮ್ ಮತ್ತು ಸಣ್ಣ ಡಿಫರೆನ್ಷಿಯಲ್. ಎಂಜಿನ್ ಮಾತ್ರ ಬದಲಿಸಿ ಹಿಂದಿನ ಆಕ್ಸಲ್ ಹಾಗೇ ಬಿಟ್ಟಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಆಕ್ಸಲ್ ಪೂರ್ತಿ ಬದಲಿಸಿದ್ದರೆ ಮತ್ತೆ ಚಾಸಿ ನಂಬರೇ ಗತಿ.

ಅಮೆರಿಕಕ್ಕೆ ಹೋದ ಕಾರುಗಳಲ್ಲಿ ಇದೆಲ್ಲ ತಲೆಕೆಳಗು! ಅಲ್ಲಿ 4ಎ-ಜಿಇ ಇದ್ದ ಜಿಟಿ-ಎಸ್ ಮಾದರಿಯ ವಿನ್‌ನಲ್ಲಿ (ವಾಹನದ ಗುರುತಿನ ಸಂಖ್ಯೆ) ಎಇ88 ಅಂತ ಬರುತ್ತದೆ. ಒಂದೇ ಕ್ಯಾಮ್‌ನ 4ಎ-ಸಿ ಎಂಜಿನ್ನು, ಹಿಂದೆ ಡ್ರಮ್ಮು ಇರುವ ಎಸ್‌ಆರ್5ನ ವಿನ್‌ನಲ್ಲಿ ಎಇ86 ಅಂತ ಇರುತ್ತದೆ. ಎಇ88 ನೋಡಿ ನಕಲಿ ಅಂತ ಒಳ್ಳೆ ಕಾರು ಬಿಟ್ಟವರಿದ್ದಾರೆ.

1985ರ ಮೇನಲ್ಲಿ ಸಣ್ಣ ಬದಲಾವಣೆ ಆಯಿತು: ಬಂಪರ್, ಹಿಂದಿನ ಲೈಟು, ಒಳಗಿನ ಬಟ್ಟೆ. ಅದಕ್ಕೆ ಮೊದಲಿನವು ಝೆಂಕಿ, ನಂತರದವು ಕೋಕಿ. ನೋಟದ ವಿಷಯ ಬಿಟ್ಟರೆ ಉಪಯೋಗಕ್ಕೆ ಬರುವ ವ್ಯತ್ಯಾಸ ಹಿಂದಿನ ಆಕ್ಸಲ್ ಶಾಫ್ಟ್‌ನದ್ದು, ಕೋಕಿಯಲ್ಲಿ ಅದು ದಪ್ಪ. ಝೆಂಕಿಗೆ ಸ್ಪೇರ್ ಶಾಫ್ಟ್ ಹುಡುಕುವಾಗ ಇದನ್ನು ನೆನಪಿಡಿ.

---

ಟ್ಯಾಪೆಟ್ ಉತ್ತರ:

ಚಾಸಿ ನಂಬರ್ ಸರಿಯಿದ್ದರೂ ತುಕ್ಕು ಮುಗಿಸಿಬಿಡಬಹುದು. ಮುಂದಿನ ಸ್ಟ್ರಟ್ ಟವರ್, ಹಿಂದಿನ ಚಕ್ರದ ಕಮಾನು, ಬಾಗಿಲ ಕೆಳಗಿನ ಸಿಲ್, ಡಿಕ್ಕಿ ಬಾಗಿಲಿನ ಅಂಚು, ಸ್ಪೇರ್ ವೀಲ್ ಗುಂಡಿ, ಈ ಐದು ಕಡೆ ಕಾರ್ಪೆಟ್ ಎತ್ತಿ, ಬೆರಳಿಂದ ಒತ್ತಿ ನೋಡಿ. ಸಿಲ್ ಮೇಲೆ ದಪ್ಪಗೆ ಹೊಸ ಅಂಡರ್‌ಕೋಟ್ ಬಳಿದಿದ್ದರೆ ಅಯಸ್ಕಾಂತ ಹಿಡಿಯಿರಿ. ಅಂಟದೇ ಇದ್ದರೆ ಕೆಳಗೆ ಪುಟ್ಟಿ.

ಎಂಜಿನ್ ಗಟ್ಟಿ. 16 ವಾಲ್ವ್‌ನ ಸ್ಟ್ಯಾಂಡರ್ಡ್ 4ಎ-ಜಿಇಯಲ್ಲಿ ಟೈಮಿಂಗ್ ಬೆಲ್ಟ್ ಹರಿದರೂ ಪಿಸ್ಟನ್ನಿಗೆ ವಾಲ್ವ್ ಬಡಿಯುವುದಿಲ್ಲ. ಹೆಚ್ಚು ಲಿಫ್ಟ್‌ನ ಕ್ಯಾಮ್ ಹಾಕಿದ್ದರೆ ಆ ಭರವಸೆ ಇಲ್ಲ. ಬೆಲ್ಟ್ ಜೊತೆಗೇ ವಾಟರ್ ಪಂಪ್, ಐಡ್ಲರ್, ಕ್ರ್ಯಾಂಕ್‌ನ ಮುಂದಿನ ಸೀಲ್ ಬದಲಿಸಿ, ಒಂದೇ ಬಿಚ್ಚಾಟದಲ್ಲಿ ಮುಗಿಯುತ್ತದೆ. ಕ್ರ್ಯಾಂಕ್ ಪುಲ್ಲಿ ಬೋಲ್ಟ್ ಸಡಿಲವಿದ್ದರೆ ಕೀಲಿ ಜಾಗ ಸವೆದು ಟೈಮಿಂಗ್ ಓಡಾಡುತ್ತದೆ, ಅದನ್ನೂ ನೋಡಿ.

ತಣ್ಣಗಿದ್ದಾಗ ವಾಲ್ವ್ ಗ್ಯಾಪ್ ಇನ್‌ಟೇಕ್‌ಗೆ 0.15ರಿಂದ 0.25, ಎಕ್ಸಾಸ್ಟ್‌ಗೆ 0.20ರಿಂದ 0.30 ಮಿಮೀ. ಗ್ಯಾಪ್ ಹೊಂದಿಸುವುದು ಬಕೆಟ್ ಮೇಲೆ ಕೂರುವ ಶಿಮ್‌ನಿಂದ (ಲೋಹದ ಬಿಲ್ಲೆ), ಸ್ಕ್ರೂ ತಿರುಗಿಸಿ ಸರಿಮಾಡುವ ವ್ಯವಸ್ಥೆ ಅಲ್ಲ. ಪ್ಲಗ್ ಗ್ಯಾಪ್ 1.1 ಮಿಮೀ. ಪ್ಲಗ್ ಗುಂಡಿಯಲ್ಲಿ ಎಣ್ಣೆ ನಿಂತಿದ್ದರೆ ಕ್ಯಾಮ್ ಕವರ್ ಗ್ಯಾಸ್ಕೆಟ್ ಹೋಗಿದೆ, ಮಿಸ್ಸಿಂಗ್‌ಗೆ ಅದೇ ಕಾರಣ ಇರಬಹುದು. ಕವರ್ ತೆಗೆದಾಗ ತುದಿಯ ಅರ್ಧಚಂದ್ರದ ರಬ್ಬರುಗಳನ್ನೂ ಬದಲಿಸಿ, ಅಲ್ಲಿಂದಲೇ ಜಿನುಗುವುದು ಹೆಚ್ಚು.

ಜನ ಹೆಚ್ಚು ಎಡವುವುದು ಟಿ-ವಿಸ್‌ನಲ್ಲಿ, ಅಂದರೆ ಟೊಯೋಟಾದ ಇನ್‌ಟೇಕ್ ಗಾಳಿ ನಿಯಂತ್ರಿಸುವ ವ್ಯವಸ್ಥೆಯಲ್ಲಿ. ಪ್ರತಿ ಸಿಲಿಂಡರಿಗೆ ಎರಡು ಇನ್‌ಟೇಕ್ ದಾರಿ, ಅದರಲ್ಲೊಂದನ್ನು ಸುಮಾರು 4350 ಆರ್‌ಪಿಎಂವರೆಗೆ ವ್ಯಾಕ್ಯೂಮ್‌ನಿಂದ ಮುಚ್ಚಿಡುತ್ತದೆ. ಪರೀಕ್ಷೆ ಸುಲಭ: ಐಡ್ಲಿಂಗ್‌ನಲ್ಲಿ ಆಕ್ಚುಯೇಟರ್ ಕಡ್ಡಿ ಒಳಕ್ಕೆ ಎಳೆದುಕೊಂಡಿರಬೇಕು, 4500 ದಾಟಿಸಿದರೆ ಬಿಟ್ಟುಕೊಳ್ಳಬೇಕು. ಡಯಾಫ್ರಂ ಹರಿದಿದ್ದರೆ ದಾರಿ ಯಾವಾಗಲೂ ತೆರೆದೇ ಇದ್ದು ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಸತ್ತಿರುತ್ತದೆ, ಮೇಲೆ ಚೆನ್ನಾಗಿರುತ್ತದೆ. ಮುಚ್ಚಿಕೊಂಡೇ ಸಿಕ್ಕಿಹಾಕಿಕೊಂಡಿದ್ದರೆ ಉಲ್ಟಾ, ಮೇಲಕ್ಕೆ ಉಸಿರೇ ಬರುವುದಿಲ್ಲ. ಕೇಳಿದರೆ "ಎಂಜಿನ್ ಸುಸ್ತಾಗಿದೆ" ಅನ್ನುತ್ತಾರೆ, ಬಹಳ ಸಲ ಒಂದು ರಬ್ಬರ್ ಪೈಪಿನ ಬಿರುಕು ಅಷ್ಟೇ.

ಟಿ50 ಗೇರ್‌ಬಾಕ್ಸ್‌ನಲ್ಲಿ ಎರಡನೇ ಗೇರಿಗೆ ಇಳಿಸುವಾಗ ಕರಕರ ಅಂದರೆ ಸಿಂಕ್ರೊ ಸವೆದಿದೆ. ನ್ಯೂಟ್ರಲ್‌ನಲ್ಲಿ ಗುಂಯ್‌ಗುಟ್ಟುತ್ತಿದ್ದು ಕ್ಲಚ್ ತುಳಿದಾಗ ನಿಂತರೆ ಇನ್‌ಪುಟ್ ಶಾಫ್ಟ್ ಬೇರಿಂಗ್.

---

ಹಳೇಗೇರು:

ಬಹಳ ಉಪಕಾರ. ಒಂದು ಅನುಮಾನ: ನಾನು ನೋಡುತ್ತಿರುವ ಟ್ರುಯೆನೊ ಸ್ಪ್ರಿಂಗ್ ಬದಲಿಸಿ ತಗ್ಗಿಸಿದ್ದು. ಹಿಂದಿನಿಂದ ನೋಡಿದರೆ ಒಂದು ಟೈರು ಮಡ್‌ಗಾರ್ಡಿಗೆ ಹತ್ತಿರ, ಇನ್ನೊಂದು ಒಳಗೆ. ಅಪಘಾತ ಆದ ಕಾರಾ?

---

ಲ್ಯಾಟರಲ್_ರಾಡ್ ಉತ್ತರ:

ಅಪಘಾತವೇ ಆಗಿರಬೇಕಿಲ್ಲ. ಲ್ಯಾಟರಲ್ ರಾಡ್‌ನ ಒಂದು ತುದಿ ಬಾಡಿಗೆ, ಇನ್ನೊಂದು ಆಕ್ಸಲ್‌ಗೆ. ರಾಡಿನ ಉದ್ದ ಬದಲಾಗುವುದಿಲ್ಲ, ಹಾಗಾಗಿ ಬಾಡಿ ತಗ್ಗಿದಾಗ ಅದು ಕಮಾನಿನಲ್ಲಿ ತಿರುಗಿ ಇಡೀ ಆಕ್ಸಲನ್ನು ಕೆಲವು ಮಿಲಿಮೀಟರ್ ಪಕ್ಕಕ್ಕೆ ತಳ್ಳುತ್ತದೆ. ಉದ್ದ ಹೊಂದಿಸಬಹುದಾದ ರಾಡ್ ಹಾಕಿದರೆ ಸರಿಹೋಗುತ್ತದೆ. ಕಾರನ್ನು ಸಮತಟ್ಟು ನೆಲದಲ್ಲಿ ಚಕ್ರದ ಮೇಲೇ ನಿಲ್ಲಿಸಿ, ಎರಡೂ ಕಮಾನಿನ ಅಂಚಿನಿಂದ ತೂಕದ ದಾರ ಇಳಿಬಿಟ್ಟು, ದಾರದಿಂದ ರಿಮ್‌ಗೆ ಎಷ್ಟಿದೆ ಅಳೆಯಿರಿ. ವ್ಯತ್ಯಾಸದ ಅರ್ಧದಷ್ಟು ಆಕ್ಸಲ್ ಸರಿಯಬೇಕು. ರಾಡ್ ಹೊಂದಿಸಿದ ಮೇಲೂ ಕಾರು ಒಂದೇ ಕಡೆ ಎಳೆದರೆ, ಅಥವಾ ಎಡ ಬಲ ವೀಲ್‌ಬೇಸ್ ಬೇರೆ ಬಂದರೆ, ಆಗ ಅಪಘಾತದ ಅನುಮಾನ ಪಡಿ.

ನಾಲ್ಕು ಲಿಂಕ್‌ನ ರಬ್ಬರ್ ಬುಷ್ ಬದಲಿಸುವುದಾದರೆ ಬೋಲ್ಟುಗಳ ಕೊನೆಯ ಬಿಗಿತ ಕಾರು ನೆಲದ ಮೇಲಿದ್ದಾಗಲೇ ಕೊಡಿ. ಜ್ಯಾಕ್ ಮೇಲೆ ಆಕ್ಸಲ್ ಜೋತಾಡುವಾಗ ಬಿಗಿದರೆ, ಕಾರು ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಮುಂದೆಯೂ ನೋಡಿ. ತಗ್ಗಿಸಿದಾಗ ಲೋಯರ್ ಆರ್ಮ್ ಹೊರತುದಿ ಮೇಲಕ್ಕೆ ವಾಲಿದ್ದರೆ ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ಯಾವುದರ ಸುತ್ತ ವಾಲುತ್ತದೋ ಆ ಬಿಂದು) ಕುಸಿದಿದೆ. ಕಾರು ತಗ್ಗಿದ್ದರೂ ತಿರುವಿನಲ್ಲಿ ಮೊದಲಿಗಿಂತ ಹೆಚ್ಚು ವಾಲುವುದು ಇದಕ್ಕೇ. ಸ್ಟ್ರಟ್ ತಳಕ್ಕೂ ನಕಲ್ ಆರ್ಮ್‌ಗೂ (ಸ್ಟೀರಿಂಗ್‌ಗೆ ಚಕ್ರ ತಿರುಗಿಸುವ ತೋಳು) ನಡುವೆ ರೋಲ್ ಸೆಂಟರ್ ಸ್ಪೇಸರ್ ಹಾಕುತ್ತಾರೆ. ಹಳೇ ಬೋಲ್ಟ್ ಸಾಲುವುದಿಲ್ಲ, ಸ್ಪೇಸರ್ ದಪ್ಪದಷ್ಟೇ ಉದ್ದ ಹೆಚ್ಚಿರುವ ಗಟ್ಟಿ ಗ್ರೇಡಿನ ಬೋಲ್ಟ್ ಬೇಕು. ನಕಲ್ ಆರ್ಮ್ ಸವೆದಿದ್ದರೆ ಚಿಂತೆ ಬೇಡ, ಅದನ್ನೂ ಹಿಂದಿನ ಬ್ರೇಕ್ ಕ್ಯಾಲಿಪರನ್ನೂ ಟೊಯೋಟಾ 2021ರಲ್ಲಿ ಜಿಆರ್ ಹೆರಿಟೇಜ್ ಪಾರ್ಟ್ಸ್ ಅಡಿಯಲ್ಲಿ ಮತ್ತೆ ತಯಾರಿಸುವುದಾಗಿ ಹೇಳಿತು.

ಸ್ಪೇಸರ್ ಹಾಕಿದ ಮೇಲೆ 13 ಇಂಚಿನ ರಿಮ್ ಇದ್ದರೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಟೈ ರಾಡ್ ಎಂಡ್ ಕೆಳಗಿಳಿದು ರಿಮ್ಮಿನ ಒಳಗೋಡೆಗೆ ತಾಗುವ ಸಾಧ್ಯತೆ ಇದೆ. 14 ಇಂಚಿನಲ್ಲೂ ಅಂತರ ಅಳೆದೇ ಓಡಿಸಿ.