ಪ್ರೊಸೆಸರ್‌ನಲ್ಲೇ ದೋಷ ಅಂತೆ, ಹಳೇ ಕಂಪ್ಯೂಟರ್ ಏನು ಮಾಡಲಿ?

ವಿಜಯಪುರದ ಗಾಂಧಿ ಚೌಕದ ಹತ್ತಿರ ನನ್ನದು ಚಿಕ್ಕ ಆನ್‌ಲೈನ್ ಸೆಂಟರ್. ಪಹಣಿ, ಜಾತಿ-ಆದಾಯದ ಅರ್ಜಿ, ಬೆಳೆ ವಿಮೆ, ಝೆರಾಕ್ಸ್. ಕಂಪ್ಯೂಟರ್‌ಗಳೆಲ್ಲ ಸೆಕೆಂಡ್ ಹ್ಯಾಂಡ್, ಇಂಟೆಲ್ ನಾಲ್ಕನೇ ಜನರೇಶನ್. ಮೆಲ್ಟ್‌ಡೌನ್, ಸ್ಪೆಕ್ಟರ್ ಅಂತ ಪ್ರೊಸೆಸರ್‌ನಲ್ಲೇ ದೋಷ ಇದೆ ಅನ್ನೋ ವಿಡಿಯೋ ಬಂದಿದೆ. ಗೆಳೆಯರು ಮಷೀನೇ ಬದಲಿಸು ಅಂತಾರೆ. ರಿಪೇರಿಯವನು ಪ್ಯಾಚ್ (ಆ ದೋಷ ಮುಚ್ಚಲು ಬಂದ ಅಪ್‌ಡೇಟ್) ಆಫ್ ಮಾಡಿದರೆ ಸ್ಪೀಡ್ ಬರುತ್ತದೆ ಅಂತಾನೆ. ಅನುಭವ ಇದ್ದವರು ಹೇಳಿ.

ಬೆಳಗಾವಿಯಿಂದ:
ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುತ್ತೇನೆ. ಇದು ಹೊಸ ಸುದ್ದಿ ಅಲ್ಲ ಅಣ್ಣಾ, 2018ರ ಜನವರಿ 3ರಂದೇ ಹೊರಬಿದ್ದದ್ದು. ಮುಂದಿನ ಕೆಲಸ ಯಾವುದಿರಬಹುದು ಅಂತ ಪ್ರೊಸೆಸರ್ ಊಹಿಸಿ ಮೊದಲೇ ಮಾಡಿಡುತ್ತದೆ. ಊಹೆ ತಪ್ಪಿದರೆ ಬಿಸಾಡುತ್ತದೆ, ಆದರೆ ಕ್ಯಾಶ್‌ನಲ್ಲಿ, ಅಂದರೆ ಪ್ರೊಸೆಸರ್ ಒಳಗಿನ ವೇಗದ ಚಿಕ್ಕ ಮೆಮೊರಿಯಲ್ಲಿ, ಗುರುತು ಉಳಿಯುತ್ತದೆ. ಖಾನಾವಳಿಯವರು ದಿನದ ಗಿರಾಕಿ ಬರುತ್ತಾನೆ ಅಂತ ರೊಟ್ಟಿ ಬೇಯಿಸಿದರು, ಅವನು ಬರಲಿಲ್ಲ, ರೊಟ್ಟಿ ಎತ್ತಿಟ್ಟರು. ಆದರೂ ಹಂಚು ಮುಟ್ಟಿದವನಿಗೆ ಗೊತ್ತಾಗುತ್ತದೆ, ಅಲ್ವಾ? ಹಾಗೆಯೇ ಇಲ್ಲಿ ಮೆಮೊರಿ ಓದಲು ಹಿಡಿಯುವ ಸಮಯ ಅಳೆದು ಬೇರೆ ಪ್ರೋಗ್ರಾಂನ ಗುಟ್ಟು ಕದಿಯಬಹುದು.

ಮಷೀನ್ ಬದಲಿಸಿ ಓಡಿಹೋಗೋಣ ಅಂದರೆ ಎಲ್ಲಿಗೆ? 1995ರಿಂದ ಬಂದ ಇಂಟೆಲ್ ಚಿಪ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಮೆಲ್ಟ್‌ಡೌನ್ ತಟ್ಟಿತು. ಇನ್ನೊಂದು ಚಿಪ್ ಕಂಪನಿ ಎಎಂಡಿಗೆ ಅದು ತಟ್ಟಲಿಲ್ಲ, ಸ್ಪೆಕ್ಟರ್ ತಟ್ಟಿತು. ಆರನೇ ಜನರೇಶನ್ ತಗೊಳ್ಳೋಣ ಅಂದರೆ 2023ರಲ್ಲಿ ಡೌನ್‌ಫಾಲ್ ಅನ್ನೋ ಇಂಥದ್ದೇ ಇನ್ನೊಂದು ದೋಷ ಬಂತು, ಆರರಿಂದ ಹನ್ನೊಂದನೇ ಜನರೇಶನ್‌ವರೆಗೆ.

ಬಾಗಲಕೋಟೆ ನವನಗರದಿಂದ:
ನಾನು ಟ್ಯಾಲಿ ಕೆಲಸದವಳು. ಪ್ಯಾಚ್ ಬಂದ ಮೇಲೆ ನನ್ನ ಮಷೀನ್ ನಿಧಾನ ಆದದ್ದು ನಿಜ. ಹಳೇ ಚಿಪ್‌ಗಳಲ್ಲಿ ವ್ಯತ್ಯಾಸ ಗೊತ್ತಾಗಬಹುದು ಅಂತ ಮೈಕ್ರೋಸಾಫ್ಟ್‌ನವರೇ ಆಗ ಹೇಳಿದ್ದರು. ಆಮೇಲೆ ಹಾರ್ಡ್ ಡಿಸ್ಕ್ ತೆಗೆಸಿ, ಅದಕ್ಕಿಂತ ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿದೆ. ಪ್ಯಾಚ್ ತಿಂದದ್ದಕ್ಕಿಂತ ಜಾಸ್ತಿ ಸ್ಪೀಡ್ ವಾಪಸ್ ಬಂತು. ನಿಮ್ಮ ರಿಪೇರಿಯವರಿಗೆ ಅದನ್ನು ಹಾಕಲು ಹೇಳಿ.

ವಿಜಯಪುರದಿಂದಲೇ ಇನ್ನೊಬ್ಬರು:
ಸುಮ್ನೆ ಹೆದರಿಸ್ತಾರೆ ರೀ. ನಾನು ಮದುವೆ ವಿಡಿಯೋ ಎಡಿಟ್ ಮಾಡೋ ಮಷೀನ್‌ನಲ್ಲಿ ಪ್ಯಾಚ್ ಆಫ್ ಮಾಡಿದ್ದೇನೆ. ಏನೂ ಆಗಿಲ್ಲ. ಇಂಟೆಲ್ ಮೇಲೆ ನಂಬಿಕೆಯೂ ಇಲ್ಲ. ಅವರು ಕೊಟ್ಟ ಮೈಕ್ರೋಕೋಡ್‌ನಿಂದ (ಪ್ರೊಸೆಸರ್ ಒಳಗಿನ ಸಾಫ್ಟ್‌ವೇರ್‌ನ ಅಪ್‌ಡೇಟ್) ಮಷೀನ್‌ಗಳು ತಾವಾಗೇ ರೀಸ್ಟಾರ್ಟ್ ಆಗತೊಡಗಿ, 2018ರ ಜನವರಿ 22ರಂದು ಹಾಕಬೇಡಿ ಅಂತ ಅವರೇ ಹೇಳಿದರು. ದೋಷ ಹೊರಬೀಳುವ ಮೊದಲು, 2017ರ ನವೆಂಬರ್‌ನಲ್ಲಿ ಸಿಇಒ ಷೇರು ಮಾರಿದ್ದಕ್ಕೂ ಜನ ಉಗಿದಿದ್ದರು.

ಬೆಳಗಾವಿಯಿಂದ:
ಸಿಟ್ಟು ಸರಿಯೇ ಸರ್. ನಿಮ್ಮ ಮಷೀನ್‌ಗೆ ನೆಟ್ ಇಲ್ಲದಿದ್ದರೆ ನಡೆಯುತ್ತದೆ. ಇವರದು ಊರವರ ಆಧಾರ್, ಓಟಿಪಿ ಬರುವ ಜಾಗ. ಸ್ಪೆಕ್ಟರ್ ಅನ್ನು ವೆಬ್ ಪುಟದೊಳಗೆ ಓಡುವ ಜಾವಾಸ್ಕ್ರಿಪ್ಟ್ ಕೋಡ್‌ನಿಂದಲೂ ಮಾಡಿ ತೋರಿಸಿದ್ದಾರೆ. ಅದಕ್ಕೇ ಬ್ರೌಸರ್‌ಗಳು ಸಮಯ ಅಳೆಯುವುದನ್ನು ಬೇಕಂತಲೇ ಅಷ್ಟು ನಿಖರ ಅಲ್ಲದಂತೆ ಮಾಡಿದವು. ಹಾಗಾಗಿ ಪ್ಯಾಚ್ ಇರಲಿ, ಬ್ರೌಸರ್ ಅಪ್‌ಡೇಟ್ ಆಗುತ್ತಿರಲಿ.

ಅಣ್ಣಾ, ನಿಮಗೆ ಇದಕ್ಕಿಂತ ದೊಡ್ಡ ತಲೆನೋವು ವಿಂಡೋಸ್ 10. ಅದರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಾಲ್ಕನೇ ಜನರೇಶನ್‌ಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ವಿಂಡೋಸ್ ಬದಲು ಹಾಕುವ ಲಿನಕ್ಸ್ ಓಡುತ್ತದೆ, ಆದರೆ ಬೆರಳ ಗುರುತು ತೆಗೆಯುವ ಯಂತ್ರವನ್ನು ಅದರಲ್ಲಿ ನಡೆಸುವ ಸಾಫ್ಟ್‌ವೇರ್ (ಡ್ರೈವರ್) ಇದೆಯಾ ಮೊದಲು ನೋಡಿ.

ಕೇಳಿದವರು:
ಪ್ಯಾಚ್ ಮುಟ್ಟುವುದಿಲ್ಲ. ಅಕ್ಕಾ, ಮೊದಲು ಕೌಂಟರ್ ಮಷೀನ್‌ಗೆ ಎಸ್‌ಎಸ್‌ಡಿ ಹಾಕಿಸುತ್ತೇನೆ. ಬೆರಳ ಗುರುತಿನ ಯಂತ್ರ ಲಿನಕ್ಸ್‌ನಲ್ಲಿ ಓಡಿಸಿದವರು ಯಾರಾದರೂ ಇದ್ದೀರಾ? ಯಾವ ಮಾಡೆಲ್?